ಗಿಡ್ಡ ಕಾಲಿನ ಬೆಂಚು

ಅತ್ತೆ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡು ನಾಲ್ಕು ತಿಂಗಳಾಗಿತ್ತು. ಮೂಳೆ ಕೂಡಿತ್ತು, ಧೈರ್ಯ ಕೂಡಿರಲಿಲ್ಲ. ದಿನಾ ಅಂಗಳದವರೆಗಾದರೂ ನಡೆಯದಿದ್ದರೆ ಕೊನೆಗೆ ಹಾಸಿಗೆಯೇ ಗತಿ ಎಂದು ವೈದ್ಯರು ಹೇಳಿದ್ದರು. ಅತ್ತೆಯದು ಒಂದೇ ಮಾತು: "ಹೋಗಿ ಏನ್ ಮಾಡ್ಲಿ? ಕೂರೋಕೆ ಬೆಂಚೇ ಇಲ್ಲ."

ಬೆಂಚು ಇತ್ತು. ಮೂವತ್ತು ವರ್ಷ ಬಿಸಿಲು ಮಳೆ ತಿಂದು, ಕೂರುವ ಹಲಗೆಗಳಲ್ಲಿ ಎರಡು ಮುರಿದು, ಅಂಗಳದ ಮರದಡಿ ಬೂದಿಬಣ್ಣವಾಗಿ ನಿಂತಿತ್ತು. ಕಾಲೇಜಿನ ಪ್ರಯೋಗಾಲಯದಲ್ಲಿ ತಕ್ಕಡಿ ಸರಿಪಡಿಸುವ ನನಗೆ ಬೆಂಚು ಯಾವ ಲೆಕ್ಕ ಎಂದುಕೊಂಡು ರಜೆ ಹಾಕಿದೆ.

ಅದನ್ನು ಕಾರು ಶೆಡ್ಡಿಗೆ ಎಳೆದು ತಂದು, ಉಪ್ಪುಕಾಗದದಿಂದ ಮರದ ಎಳೆಗುಂಟ ಉಜ್ಜಿದೆ. ಹೊಸ ಹಲಗೆ ಕೂರಿಸಿದೆ. ಮರ ನೀರು ಹೀರುವುದು ಪಾದದಿಂದಲೇ ಆದ್ದರಿಂದ ಕಾಲುಗಳ ತಳಕ್ಕೆ ಮೂರು ಸಲ ಎಣ್ಣೆ ಕುಡಿಸಿದೆ. ಮಾವ ಆ ಕಡೆ ಹಾದಾಗಲೆಲ್ಲ, "ಬಡಗೀನ ಕರೆಸ್ತೀನಿ ಅಂದೆನಲ್ಲಮ್ಮಾ" ಎನ್ನುತ್ತಿದ್ದರು.

ಅಳೆದಾಗ ಹಿಂಬದಿಯ ಎಡಗಾಲು ಹದಿನೆಂಟು ಮಿಲಿಮೀಟರ್ ಗಿಡ್ಡ. ಕೊಳೆತಿರಬೇಕೆಂದು ತಿರುಗಿಸಿ ನೋಡಿದರೆ ಗರಗಸದ ಗೆರೆಗಳು. ಟಿಪ್ಪಣಿ ಪುಸ್ತಕದಲ್ಲಿ 'ಬಡಗಿಯ ತಪ್ಪು' ಎಂದು ಬರೆದು, ಅಷ್ಟೇ ದಪ್ಪದ ತುಂಡನ್ನು ಅಂಟಿಸಿದೆ. ಶೆಡ್ಡಿನಲ್ಲಿ ರಸಮಟ್ಟ ಇಟ್ಟಾಗ ಅದರ ಗುಳ್ಳೆ ನಟ್ಟನಡುವೆ ನಿಂತಿತು.

ಬೆಂಚನ್ನು ಮರದಡಿ ಅದರ ಹಳೇ ಜಾಗಕ್ಕೆ ಇಡುವಷ್ಟರಲ್ಲಿ ಅತ್ತೆ ಹೊಸ್ತಿಲಿಗೆ ಬಂದಿದ್ದರು. ನನ್ನ ತೋಳು ಹಿಡಿದು ಇಪ್ಪತ್ತೆರಡು ಹೆಜ್ಜೆ ನಡೆದು, ಕೂತರು. ಬೆಂಚು ಟಕ್ಕೆಂದು ಒಂದು ಬೆರಳಿನಷ್ಟು ವಾಲಿತು. ಅಷ್ಟೇ. ಅತ್ತೆಯ ಉಗುರು ನನ್ನ ಮಣಿಕಟ್ಟಿಗೆ ಇಳಿಯಿತು.

"ಒಳಗೆ ಕರ್ಕೊಂಡು ಹೋಗು."

ಮರುದಿನ ಬರಲಿಲ್ಲ. ಅದರ ಮರುದಿನವೂ ಇಲ್ಲ.

"ಅತ್ತೆ, ರಸಮಟ್ಟದಲ್ಲಿ ಕೂದಲಷ್ಟೂ ಓರೆ ಇರ್ಲಿಲ್ಲ."

"ಹಾಗಾದ್ರೆ ನಿನ್ನ ರಸಮಟ್ಟಾನೇ ಕೂರಿಸು."

ಮೂರನೆಯ ದಿನ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದವರೇ ಕೇಳಿದರು: "ಆ ಗಿಡ್ಡ ಕಾಲಿಗೆ ಏನ್ ಮಾಡ್ದೆ?"

"ತುಂಡು ಸೇರಿಸಿ ಸರಿ ಮಾಡ್ದೆ. ನಿಮಗೆ ಹೇಗೆ ಗೊತ್ತು?"

"ಕೊಯ್ದಿದ್ದೇ ನಾನು." ಅತ್ತೆ ಈ ಕಡೆ ಹೊರಳಿದರು. "ಅಲ್ಲಿ ಮರದ ಬೇರು ಬಂದು ಆ ಕಾಲಿನ ಕೆಳಗಿನ ಹಾಸುಗಲ್ಲು ಎದ್ದಿತ್ತು. ಬಡಗೀನ ಕರೆಸ್ತೀನಿ, ಕರೆಸ್ತೀನಿ ಅಂತ ನಿಮ್ಮಾವ ಎರಡು ವರ್ಷ ತಳ್ಳಿದ್ರು. ಅವರು ಊರಲ್ಲಿಲ್ಲದಾಗ ನಾನೇ ಗರಗಸ ಹಿಡಿದೆ. ಇವತ್ತಿಗೂ ಬಡಗಿ ಬಂದಿದ್ದ ಅಂತಲೇ ನಂಬಿದಾರೆ ಪಾಪ."

ನನಗೆ ನಾಚಿಕೆಯಾಯಿತು. ಹದಿನೈದು ದಿನ ಬೆಂಚನ್ನು ಅಳೆದಿದ್ದೆ, ಅದು ನಿಲ್ಲುವ ನೆಲವನ್ನು ಒಮ್ಮೆಯೂ ಅಳೆದಿರಲಿಲ್ಲ.

"ಹದಿನೆಂಟು ಮಿಲಿಮೀಟರ್ ಮತ್ತೆ ಕೊಯ್ದುಬಿಡ್ತೀನಿ."

"ಬೇರು ಇಷ್ಟು ವರ್ಷ ನಿನ್ನ ದಾರಿ ಕಾಯ್ತಾ ಸುಮ್ನೆ ಕೂತಿತ್ತಾ? ಅಲ್ಲೇ ಇಟ್ಟು ಅಳೆ. ಮೇಲೆ ಭಾರ ಇರ್ಬೇಕು."

"ಯಾರ ಭಾರ?"

ಅತ್ತೆ ಎದ್ದು ಕೂತರು. ಆಮೇಲೆ ಕೋಲಿಗೆ ಕೈ ಚಾಚಿದರು. "ಕೂರೋಳು ನಾನು ತಾನೆ?"

ಅತ್ತೆ ವಾಲುವ ಬೆಂಚಿನ ಮೇಲೆ ಕಣ್ಣು ಮುಚ್ಚಿ ಕೂತರು. ಗಾಳಿಯಲ್ಲಿ ನಿಂತಿದ್ದ ಮುಂದಿನ ಎಡಗಾಲಿನ ಕೆಳಗೆ ನಾನು ಹಳೇ ನೋಟ್‌ಬುಕ್ಕಿನ ರಟ್ಟು ತುರುಕಿದೆ. ಟಕ್. "ಇನ್ನೊಂದು ಹಾಕು." ಟಕ್. "ಇನ್ನೊಂದು." ಹೆದರಿದಾಗಲೆಲ್ಲ ನನ್ನನ್ನು ಬೈದರು, ಏಳಲಿಲ್ಲ. ಸದ್ದು ನಿಂತಾಗ ರಟ್ಟಿನ ಕಟ್ಟು ಅಳೆದೆ: ಇಪ್ಪತ್ತಮೂರು. ಬೇರು ಐದು ಮಿಲಿಮೀಟರ್ ಬೆಳೆದಿತ್ತು.

ಹಿಂಬದಿಯ ಎಡಗಾಲನ್ನು ಅಷ್ಟೇ ಕೊಯ್ದೆ. ರಟ್ಟು ತೆಗೆದ ಮೇಲೆ ಅತ್ತೆ ಮತ್ತೆ ಕೂತರು. ಬೇಕೆಂದೇ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ವಾಲಿ ನೋಡಿದರು. ಬೆಂಚು ಮಿಸುಕಲಿಲ್ಲ. ಕೋಲನ್ನು ಪಕ್ಕಕ್ಕಿಟ್ಟರು.

"ನೀನು ಒಳಗೆ ಹೋಗು, ನಾನು ಆಮೇಲೆ ಬರ್ತೀನಿ. ನಿಮ್ಮಾವ ಕೇಳಿದ್ರೆ ಬಡಗಿ ಬಂದಿದ್ದ ಅನ್ನು."