ಮೇಲಿನ ಹಲಗೆಯ ಗ್ರಂಥಗಳು

ಹೈದರಾಬಾದಿನ ತಾರ್ನಾಕದ ಕನ್ನಡ ಸಂಘದ ಕಟ್ಟಡದಲ್ಲಿ, ಬಾಗಿಲಿಗೆ ಎಡಗಡೆಯ ಉದ್ದನೆಯ ಕೋಣೆಯೇ ಗ್ರಂಥಾಲಯ. ಅದರ ಪಾಲಕರು ಅಂಬಾದಾಸರಾಯರು. ಬಾಲ್ಯದಲ್ಲಿ ಕಲಬುರ್ಗಿಯ ಪಾಠಶಾಲೆಯೊಂದರಲ್ಲಿ ವ್ಯಾಕರಣ, ತರ್ಕಗಳನ್ನು ಅಭ್ಯಾಸ ಮಾಡಿದವರು. ಜೀವನೋಪಾಯಕ್ಕೆಂದು ಹೈದರಾಬಾದಿಗೆ ಬಂದು ರಕ್ಷಣಾ ಕಾರ್ಖಾನೆಯೊಂದರ ಉಗ್ರಾಣವನ್ನು ಮೂವತ್ತೊಂದು ವರ್ಷ ಕಾದವರು. ನಿವೃತ್ತರಾದ ಮರುದಿನವೇ ಈ ಕೋಣೆಯ ಬೀಗದಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡವರು.

ಪುಸ್ತಕಗಳನ್ನು ಅವರು ಜೋಡಿಸಿದ ಕ್ರಮ ಶಾಸ್ತ್ರೋಕ್ತವಾಗಿತ್ತು. ಸೂರಿಗೆ ತಾಗುವಂತಿದ್ದ ಮೇಲಿನ ಹಲಗೆಯಲ್ಲಿ ಶ್ರುತಿಗಳು, ಭಾಷ್ಯಗಳು, ಪುರಾಣಗಳು, ದಾಸರ ಮತ್ತು ಶರಣರ ಚರಿತ್ರೆಗಳು. ಅದರ ಕೆಳಗೆ ಕಾವ್ಯ, ಕಾವ್ಯದ ಕೆಳಗೆ ನಾಟಕ, ಅದಕ್ಕೂ ಕೆಳಗೆ ಕಾದಂಬರಿ. ನೆಲದ ಮಟ್ಟದಲ್ಲಿ ಮಕ್ಕಳ ಚಿತ್ರಕಥೆಗಳು. ಪೂಜ್ಯವಾದದ್ದು ಪಾದಗಳಿಂದ ಎಷ್ಟು ದೂರವಿದ್ದರೆ ಅಷ್ಟು ಕ್ಷೇಮವೆಂಬುದು ಅವರ ನಂಬಿಕೆ. ಪ್ರತಿ ಶನಿವಾರ ಸ್ನಾನ ಮಾಡಿ ಏಣಿ ಹತ್ತಿ, ಮಡಿಬಟ್ಟೆಯಿಂದ ಮೇಲಿನ ಗ್ರಂಥಗಳ ಧೂಳನ್ನೊರೆಸಿ, ಊದಿನಕಡ್ಡಿ ಬೆಳಗಿ ಇಳಿಯುತ್ತಿದ್ದರು.

ಆ ವರ್ಷ ನಗರದ ಅಮೀರ್‌ಪೇಟೆಯಲ್ಲಿ ಕಂಪ್ಯೂಟರ್ ತರಗತಿಯ ಫಲಕವಿಲ್ಲದ ಗೋಡೆಯೇ ಉಳಿದಿರಲಿಲ್ಲ. ಅಲ್ಲಿಯ ಸಂಸ್ಥೆಯೊಂದು ತಾರ್ನಾಕದಲ್ಲಿ ಶಾಖೆ ತೆರೆಯಲು ಈ ಕೋಣೆಯನ್ನೇ ಕೇಳಿತು. ಸಂಘದ ಕಾರ್ಯದರ್ಶಿ ಸೂರಜ್ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿದ್ದ ತರುಣ; ರಾಯರನ್ನು ನೋಯಿಸಲು ಅವನಿಗೂ ಮನಸ್ಸಿರಲಿಲ್ಲ. ಕೊನೆಗೆ ಸಂಘದವರು ಒಂದು ನಿರ್ಣಯಕ್ಕೆ ಬಂದರು: ತಿಂಗಳೊಳಗೆ ರಾಷ್ಟ್ರೀಯ ಗ್ರಂಥಾಲಯ ಪರಿಷತ್ತಿನ ಮಾನ್ಯತೆ ದೊರೆತರೆ ಕೋಣೆ ಪುಸ್ತಕಗಳದು, ಇಲ್ಲವಾದರೆ ಪುಸ್ತಕಗಳು ಟ್ರಂಕಿಗೆ, ಕೋಣೆ ಕಂಪ್ಯೂಟರಿಗೆ.

ಪರಿಷತ್ತು ದಿಲ್ಲಿಯಲ್ಲಿದ್ದರೂ ಅದರ ಕೈ ಉದ್ದವಾಗಿತ್ತು. ಮಾನ್ಯತೆ ಪಡೆದ ಸಣ್ಣ ಗ್ರಂಥಾಲಯಗಳಿಗೆ ಉಕ್ಕಿನ ಕಪಾಟು, ವರ್ಷಕ್ಕೊಂದು ಪೆಟ್ಟಿಗೆ ಹೊಸ ಪುಸ್ತಕ, ಪಾಲಕನಿಗೆ ಹತ್ತು ದಿನದ ಶಿಕ್ಷಣ, ಇವೆಲ್ಲ ಅಲ್ಲಿಂದ ಬರುತ್ತಿದ್ದವು. ರಾಯರು ಎರಡು ಪುಟದ ಅರ್ಜಿಯನ್ನು ಮುತ್ತಿನಂಥ ಅಕ್ಷರಗಳಲ್ಲಿ ಬರೆದು ಕಳಿಸಿದರು. ಒಂದು ಶನಿವಾರ ಮಧ್ಯಾಹ್ನ ಪರಿಷತ್ತಿನ ಪರಿವೀಕ್ಷಕಿ ಸತ್ಯಭಾಮಾ ಬಂದರು. ಬಳ್ಳಾರಿಯಲ್ಲಿ ಹುಟ್ಟಿ, ತೆಲುಗು ನಾಡಿನಲ್ಲಿ ಬೆಳೆದ, ಮಾತು ಮೆತ್ತಗಿದ್ದು ಕಣ್ಣು ಚುರುಕಾಗಿದ್ದ ಹೆಂಗಸು.

"ಏನಂಡಿ ರಾಯರೇ, ಊದಿನಕಡ್ಡಿ ವಾಸನೆ ಗೇಟಿಗೇ ಬಂತು. ಗುಡಿಗೆ ಬಂದೆನೋ ಅಂದ್ಕೊಂಡೆ," ಎಂದು ನಕ್ಕರು.

"ಸರಸ್ವತಿ ಇದ್ದಲ್ಲಿ ಗುಡೀನ ಅಲ್ಲೇನ್ರಿ," ಎಂದರು ರಾಯರು, ಸಂತೋಷದಿಂದ.

ಸತ್ಯಭಾಮಾ ಅವರೇ ಏಣಿ ಹತ್ತಿದರು. ಭಾಷ್ಯವೊಂದನ್ನು ತೆಗೆದು ಕೊನೆಯ ಪುಟದಲ್ಲಿ ಅಂಟಿಸಿದ ಚೀಟಿ ನೋಡಿದರು. ಪುಸ್ತಕ ಒಯ್ದ ದಿನಾಂಕದ ಮುದ್ರೆ ಒತ್ತುವ ಆ ಚೀಟಿ ಖಾಲಿಯಾಗಿತ್ತು. ಪುರಾಣದ್ದೂ ಖಾಲಿ. ಏಳೆಂಟು ನೋಡಿದ ಮೇಲೆ ಒಂದರಲ್ಲಿ ಮಾತ್ರ ಒಂದು ಮುದ್ರೆ ಸಿಕ್ಕಿತು.

"ಇದ್ಯಾರು ಒಯ್ದಿದ್ರು?"

"ನಾನಽ," ಎಂದರು ರಾಯರು.

ಕೆಳಗಿಳಿದು, ಕೈ ಒರೆಸಿಕೊಂಡು, ಅರ್ಜಿಯಲ್ಲಿ ಓದಿದ್ದನ್ನು ನೆನೆದು ಆಕೆ ಕೇಳಿದರು: "ನಿಮ್ಮ ಉಗ್ರಾಣದಾಗ ನಟ್ಟು ಬೋಲ್ಟು ಎಲ್ಲಿ ಇಡ್ತಿದ್ರಿ?"

"ಖಿಡಕಿ ಬಾಜೂಕ್ಕ. ದಿನಾ ಬೇಡೂ ಸಾಮಾನು ಕೈಯಳತಿಯೊಳಗ ಇರಬೇಕಲ್ರಿ."

"ಯಾರೂ ಕೇಳಲಾರದ್ದು?"

"ಮ್ಯಾಲ, ಅಟ್ಟದಾಗ. ಐದು ವರ್ಷ ಅಲುಗಾಡಲಿಲ್ಲಂದ್ರ ರದ್ದಿ ಪಟ್ಟಿಗೆ ಬರದು ಹರಾಜಿಗೆ ಬಿಡ್ತಿದ್ವಿ. ನನ್ನ ಕಾಲದಾಗ ಆ ಪಟ್ಟಿ ಒಮ್ಮೆನೂ ತಪ್ಪಿಲ್ಲ ನೋಡ್ರಿ..."

ಅಭಿಮಾನದಿಂದ ಹೊರಟ ಮಾತು ಅರ್ಧದಲ್ಲೇ ನಿಂತಿತು. ರಾಯರ ದೃಷ್ಟಿ ತಾನಾಗಿ ಮೇಲಿನ ಹಲಗೆಯತ್ತ ಹೋಯಿತು.

ಅಷ್ಟರಲ್ಲಿ ಸಾಬಮ್ಮ ಬಂದಳು. ಯಾದಗಿರಿ ಕಡೆಯವಳು, ಹಿಂದಿನ ಬೀದಿಯಲ್ಲಿ ಏಳುತ್ತಿದ್ದ ಅಪಾರ್ಟ್‌ಮೆಂಟಿಗೆ ಕಾಂಕ್ರೀಟು ಹೊರುವ ಕೆಲಸ, ಸಂಘದ ಸಂಜೆಯ ತರಗತಿಯಲ್ಲಿ ಓದು ಕಲಿತಿದ್ದಳು. ನರಿಯ ಚಿತ್ರಕಥೆಯೊಂದನ್ನು ಹಿಂದಿರುಗಿಸಿ ಮತ್ತದನ್ನೇ ಕೇಳಿದಳು.

"ಓದಿದ್ದನ್ನೇ ಯಾಕಮ್ಮಾ?" ಎಂದರು ಸತ್ಯಭಾಮಾ.

"ನೆಲಕ್ಕಿರೂವೆಲ್ಲಾ ಮುಗದಾವ್ರಿ. ಶರಣ್ಯಾರ ಕಥಿ ಓದಬೇಕಂತ ಭಾಳ ಆಸೆ ಐತ್ರಿ. ಆದ್ರ ಅವು ಮ್ಯಾಲದಾವು. ಅಪ್ಪಾರು ಊದಿನಕಡ್ಡಿ ಹಚ್ಚತಾರ. ಪೂಜಿಗಿಟ್ಟದ್ದು ನಮ್ಮಂಥೋರು ಕೇಳಬಾರದಲ್ರಿ."

ರಾಯರ ಕೈ ಏಣಿಯ ಮೇಲೆ ಹೋಯಿತು. ಒಡನೆಯೇ ಕೆಲಸಗಾರರೊಡನೆ ಅವಳು ವಾಸವಿದ್ದ ತಗಡಿನ ಶೆಡ್ಡು ಕಣ್ಣಿಗೆ ಕಟ್ಟಿತು: ಒಲೆ, ಹಾಸಿಗೆ, ಸಿಮೆಂಟು ಮೆತ್ತಿದ ಕಾಲುಗಳು, ನಡುವೆ ಆ ಗ್ರಂಥ. ಕೈ ಹಿಂದಕ್ಕೆ ಬಂತು. "ಅದು ದೊಡ್ಡ ಪುಸ್ತಕ ಐತವ್ವಾ," ಎಂದಷ್ಟೇ ಹೇಳಿದರು. ಸಾಬಮ್ಮ ನರಿಯ ಕಥೆಯನ್ನು ಸೆರಗಿನಲ್ಲಿ ಸುತ್ತಿಕೊಂಡು ಹೊರಟುಹೋದಳು.

ಸತ್ಯಭಾಮಾ ಅರ್ಜಿಯನ್ನು ಮಡಚಿ ಚೀಲದಲ್ಲಿಟ್ಟರು. "ಕೆಳಗಿನ ಅರ್ಧ ಗ್ರಂಥಾಲಯ ಅಂತ ಬರೀಬಲ್ಲೆ ರಾಯರೇ. ಮೇಲಿನ ಅರ್ಧಕ್ಕೆ ನಮ್ಮ ಫಾರ್ಮಿನಾಗ ಕಾಲಮ್ಮೇ ಇಲ್ಲ. ನಾಳೆ ರೈಲಿಗೆ ಹೋಗೋ ಮುಂಚೆ ಒಂದ್ಸಲ ಬಂದ್ಹೋಗ್ತೀನಿ."

ಮರುದಿನ ಪ್ರಾತಃಕಾಲ ಸಂಧ್ಯಾವಂದನೆಗೆ ಕುಳಿತ ರಾಯರಿಗೆ ಮನಸ್ಸು ನಿಲ್ಲಲಿಲ್ಲ. ಆಚಮನದ ನೀರು ಅಂಗೈಯಲ್ಲಿರುವಾಗಲೇ ಪಾಠಶಾಲೆಯ ಪಡಸಾಲೆ ನೆನಪಾಯಿತು. ಗುರುಗಳು ಚಾಪೆಯ ಮೇಲೆ; ಅವರೆದುರು ಗೇಣೆತ್ತರದ ವ್ಯಾಸಪೀಠ; ಅದರ ಮೇಲೆ ಬಿಚ್ಚಿದ ಗ್ರಂಥ. ಶಿಷ್ಯರ ಮೊಣಕಾಲುಗಳು ಆ ಪೀಠಕ್ಕೆ ತಾಗುವಷ್ಟು ಹತ್ತಿರ. ತಾವು ಕಲಿತದ್ದೆಲ್ಲ ಆ ಗೇಣೆತ್ತರದಿಂದ. ಏಣಿ ಹಾಕಿ ಯಾವ ಗುರುವೂ ಪಾಠ ಹೇಳಿದ್ದಿಲ್ಲ. ಗ್ರಂಥವನ್ನು ಎತ್ತರಕ್ಕೇರಿಸಿದವರು ಹಿರಿಯರಲ್ಲ, ತಾವು.

ಎಂಟು ಗಂಟೆಗೆ ಕೋಣೆಯ ಬೀಗ ತೆರೆದರು. ಒಂದೊಂದು ಹೊರೆಗೂ ಕ್ಷಮಾಪ್ರಾರ್ಥನೆ ಹೇಳುತ್ತ ಮೇಲಿನ ಗ್ರಂಥಗಳನ್ನೆಲ್ಲ ಇಳಿಸಿ, ಬಾಗಿಲ ಪಕ್ಕದ ಕಪಾಟಿನಲ್ಲಿ, ನಿಂತವರ ಸೊಂಟದ ಮಟ್ಟಕ್ಕೆ ಜೋಡಿಸಿದರು. ಅಲ್ಲಿದ್ದ ಹಳೆಯ ಸ್ಮರಣ ಸಂಚಿಕೆಗಳು, ವಾರ್ಷಿಕ ವರದಿಗಳು ಸೂರಿನ ಹತ್ತಿರಕ್ಕೆ ಏರಿದವು. ಹತ್ತು ಗಂಟೆಯ ಹೊತ್ತಿಗೆ ಧೋತರವೆಲ್ಲ ಧೂಳಾಗಿತ್ತು.

ಸತ್ಯಭಾಮಾ ಬಂದರು, ಜೊತೆಗೆ ಸೂರಜ್. ಆಕೆ ಕಪಾಟಿನಿಂದ ಒಂದೆರಡು ಗ್ರಂಥ ತೆಗೆದು ನೋಡಿ, "ಚೀಟಿಗಳು ಮಾತ್ರ ಇನ್ನೂ ಖಾಲೀನೇ," ಎಂದರು.

"ಇವತ್ತು ಆದಿತ್ಯವಾರ. ಮಂದಿಗೆ ರಜಾ ಐತಿ. ಒಂದೀಟು ಕೂಡ್ರಿ," ಎಂದರು ರಾಯರು. ಉಗ್ರಾಣದಲ್ಲೂ ಅವರು ಯಾರಿಗೂ ಇಷ್ಟು ವಿನಯದಿಂದ ಕುರ್ಚಿ ಸರಿಸಿದವರಲ್ಲ.

ಸಾಬಮ್ಮ ಬಂದದ್ದು ಹನ್ನೊಂದರ ಮೇಲೆ. ಒಳಗೆ ಕಾಲಿಟ್ಟವಳು ಕಪಾಟನ್ನು ಕಂಡು ಹೊಸ್ತಿಲಿಗೇ ಹಿಂದೆ ಸರಿದಳು. ರಾಯರು ಶರಣೆಯರ ಚರಿತ್ರೆಯನ್ನು ತಾವೇ ತೆಗೆದು ಚಾಚಿದರು.

"ನನಗೇನ್ರೀ ಅಪ್ಪಾರ?"

"ನಿನಗಽ."

ಆಕೆ ಅಂಗಳದ ನಳದಲ್ಲಿ ಕೈ ತೊಳೆದು, ಸೆರಗಿಗೆ ಒರೆಸಿಕೊಂಡು, ಎರಡೂ ಕೈಯಿಂದ ತೆಗೆದುಕೊಂಡಳು. "ಒಲಿಯಿಂದ ದೂರ..." ಎಂದು ಆರಂಭಿಸಿದ ರಾಯರು ಮಾತನ್ನು ನುಂಗಿದರು. ಮುದ್ರೆಯನ್ನು ಮಸಿಯಲ್ಲಿ ಅದ್ದಿ ಚೀಟಿಯ ಮೇಲೆ ಒತ್ತಿದರು. ಅದು ತುಸು ಓರೆಯಾಗಿ ಬಿತ್ತು.

"ಮೇಡಂ, ಒಂದು ಮುದ್ರೆಗೆ ಮಾನ್ಯತೆನಾ?" ಎಂದ ಸೂರಜ್. "ನಮ್ಮ ಕಂಪನೀಲಿ ಇಂಥ ಸಣ್ಣ ಪ್ರಯೋಗಾನ ಪೈಲಟ್ ಅಂತಾರೆ."

"ನಮ್ಮಲ್ಲೂ ಹಂಗೇ ಅಪ್ಪಾ. ಆರು ತಿಂಗಳ ಮಾನ್ಯತೆ. ಆಮೇಲೆ ನಾನೇ ಬಂದು ಚೀಟಿ ಎಣಿಸ್ತೀನಿ. ಅಲ್ಲೀತನಕ ಅಮೀರ್‌ಪೇಟೆಯವರಿಗೆ ಬೇರೆ ಕೋಣೆ ನೋಡಿಕೊಳ್ಳಲಿಕ್ಕೆ ಹೇಳು." ಸತ್ಯಭಾಮಾ ಬರೆದು ಸಹಿ ಹಾಕಿದರು. "ರಾಯರೇ, ಮುಂದಿನ ತಿಂಗಳು ವಿಜಯವಾಡದಾಗ ಶಿಕ್ಷಣ ಶಿಬಿರ. ನೀವು ಬರಬೇಕು. ಕಲಿಯೋದಕ್ಕಲ್ಲ, ಉಗ್ರಾಣದ ಮಾತು ಹೇಳೋದಕ್ಕೆ."

ರಾಯರು ಆ ಕಡೆ ಲಕ್ಷ್ಯ ಕೊಡಲಿಲ್ಲ. ಆರು ತಿಂಗಳು, ಕಪಾಟಿನ ತುಂಬ ಖಾಲಿ ಚೀಟಿಗಳು. ಅವರು ಅವಸರದಿಂದ ಬಾಗಿಲಿಗೆ ಬಂದು, ಪುಸ್ತಕ ಹಿಡಿದು ಹೊರಟಿದ್ದವಳನ್ನು ಕೂಗಿದರು:

"ಸಾಬಮ್ಮಾ! ಮುಂದಿನ ಆದಿತ್ಯವಾರ ನಿಮ್ಮ ಶೆಡ್ಡಿನ ಮಂದಿನ್ನೂ ಕರಕೊಂಡು ಬಾ."

ಗೇಟಿನ ಬಳಿ ಆಕೆ ತಿರುಗಿದಳು. "ಅವರಿಗೆ ಓದಾಕ ಬರಂಗಿಲ್ರಿ ಅಪ್ಪಾರ."

"ನನಗ ಬರ್ತದಲ್ಲ," ಎಂದರು ರಾಯರು. "ಚಾಪಿ ಹಾಸಿರ್ತೀನಿ."