ಉಪಯೋಗಕ್ಕೆ ಬಾರದವರು

ಉಪ್ಪು ತರಲೆಂದು ಒಳಗೆ ಬಂದ ರಾಯ್ನಾಳ ಕಣ್ಣಿಗೆ ಕೋವಿಯ ಕಬ್ಬಿಣದ ಬೀರು ಬಿತ್ತು. ಬಾಗಿಲು ಬೆರಳಗಲ ತೆರೆದಿತ್ತು. ಒಳಗೆ ಕೋವಿ ಇರಲಿಲ್ಲ.

ಮೇಷ್ಟ್ರಾಗಿದ್ದ ಗಂಡ ಸ್ತಾಮೆನ್ ಬೇಟೆ ಬಿಟ್ಟು ಮೂರು ವರ್ಷವಾಗಿತ್ತು. ಅವಳು ಅಂಗಳಕ್ಕೆ ಓಡಿಬಂದು, "ಪೆಂಕೊ" ಎಂದು ತಮ್ಮನನ್ನು ಕೂಗಿದಳು. ಅವನೂ ಅಲ್ಲಿರಲಿಲ್ಲ. ಬೇಲಿಯಾಚೆ ನೆರೆಮನೆಯ ಮುದುಕಿ ಗಿನಾ ತಲೆಯೆತ್ತಿದಳು.

"ಇಬ್ರೂ ದ್ರಾಕ್ಷಿ ತೋಟದ ಕಡೆ ಹೋದ್ರಲ್ಲ. ಮೇಷ್ಟ್ರು ಮುಂದೆ, ನಿನ್ನ ತಮ್ಮ ಹಿಂದೆ. ಮನೆಗೆ ಹೋಗೋ ಅಂತ ಮೇಷ್ಟ್ರು ಗದರಿಸ್ತಾನೇ ಇದ್ರು. ಅವನು ಕೇಳ್ಬೇಕಲ್ಲ."

"ಎಷ್ಟೊತ್ತಾಯ್ತು?"

"ಅರ್ಧ ಗಂಟೆ ಆಗಿರ್ಬೋದು. ಅಯ್ಯೋ, ಒಲೆ ಮೇಲೆ ದೊಣ್ಣೆ ಮೆಣಸಿನಕಾಯಿ ಸೀದು ಹೋಗ್ತಿದೆ ನೋಡು."

"ಸೀಯ್ಲಿ," ಎಂದು ರಾಯ್ನಾ ಗೇಟು ದಾಟಿದಳು.

ತೋಟಕ್ಕೆ ಎರಡು ಕಿಲೋಮೀಟರು ಏರು. ಅರವತ್ತೆಂಟರ ಮಂಡಿಗಳು ಹೇಳಿದ ಮಾತು ಕೇಳುತ್ತಿರಲಿಲ್ಲ. ಎಲ್ಲೋ ಯಾರೋ ಸೌದೆ ಒಡೆದ ಸದ್ದನ್ನು ಗುಂಡಿನದೆಂದುಕೊಂಡು ನಿಂತುಬಿಟ್ಟಳು. ಮತ್ತೊಂದು ಏಟು ಕೇಳಿಸಿ, ಕೊಡಲಿಯೇ ಎಂದು ಖಾತ್ರಿಯಾದ ಮೇಲೆ ಮುಂದೆ ನಡೆದಳು.

ಸ್ತಾಮೆನ್ ಸೆವ್ಲಿಯೆವೊ ಪಟ್ಟಣದ ಹೈಸ್ಕೂಲಿನಲ್ಲಿ ಮೂವತ್ತೆಂಟು ವರ್ಷ ಗಣಿತ ಕಲಿಸಿದವನು. ಮನುಷ್ಯರನ್ನು ಬುದ್ಧಿಯಿಂದಲೇ ತೂಗುವುದು ಅವನ ಚಾಳಿ. ಪೆಂಕೊಗೆ ಐವತ್ತೆರಡಾದರೂ ಬುದ್ಧಿ ಐದಾರು ವರ್ಷದ ಮಗುವಿನದು. ಇಪ್ಪತ್ತು ವರ್ಷದ ಹಿಂದೆ ಅಮ್ಮ ಸತ್ತಾಗ ರಾಯ್ನಾ ಅವನನ್ನು ತನ್ನ ಮನೆಗೆ ಕರೆತಂದಿದ್ದಳು. ಸ್ತಾಮೆನ್ ಅವನ ಮೇಲೆ ಎಂದೂ ಕೈಯೆತ್ತಿದವನಲ್ಲ, ಊಟ ಬಟ್ಟೆಗೆ ಕೊರತೆ ಮಾಡಿದವನೂ ಅಲ್ಲ. ಆದರೆ ಒಂದು ಹೊಸ ವರ್ಷದ ದಿನ, ಊಟಕ್ಕೆ ಬಂದ ಗೆಳೆಯರೆದುರು ರಾಕಿಯಾ ಸಾರಾಯಿಯ ಲೋಟ ಹಿಡಿದು, "ಯೋಚನೆ ಮಾಡೋಕೆ ಬರದ ಬದುಕು ಒಂದು ಬದುಕಾ? ಉಪಯೋಗಕ್ಕೆ ಬಾರದೆ ಇರೋದಕ್ಕಿಂತ ಇಲ್ಲದೆ ಇರೋದೇ ಮೇಲು" ಎಂದಿದ್ದ. ಪೆಂಕೊ ಪಕ್ಕದಲ್ಲೇ ಕೂತು ಅಕ್ರೋಟು ಒಡೆಯುತ್ತಿದ್ದ. ಎಲ್ಲರೂ ನಕ್ಕಾಗ ಅವನೂ ನಕ್ಕ. ಆ ನಗು ರಾಯ್ನಾಳ ಎದೆಯಲ್ಲಿ ಮುಳ್ಳಾಗಿ ಉಳಿದಿತ್ತು.

ಹೋದ ಮಂಗಳವಾರ ಡಾಕ್ಟರು ಗಡಿಯಾರದ ಚಿತ್ರ ಬರೆಯಿರಿ ಎಂದಾಗ ಸ್ತಾಮೆನ್ ಹನ್ನೆರಡೂ ಅಂಕಿಗಳನ್ನು ಒಂದೇ ಬದಿಗೆ ಒತ್ತಿ ಬರೆದ. ಮರೆವಿನ ಕಾಯಿಲೆ, ನಿಧಾನವಾಗಿ ಹೆಚ್ಚುತ್ತದೆ ಎಂದರು ಡಾಕ್ಟರು. ಅಂದಿನಿಂದ ಅವನು ಸರಿಯಾಗಿ ಮಾತಾಡಿರಲಿಲ್ಲ, ಉಂಡಿರಲಿಲ್ಲ. ಅವಮಾನಕ್ಕೆ ಮುನಿಸಿಕೊಂಡಿದ್ದಾನೆ, ತಾನಾಗಿ ಸರಿಹೋಗುತ್ತಾನೆ ಎಂದುಕೊಂಡಿದ್ದಳು. ನರ್ಸಾಗಿ ಆಯುಷ್ಯ ಸವೆಸಿದ ತನಗೇ ಇಷ್ಟು ತಿಳಿಯಲಿಲ್ಲವಲ್ಲ ಎಂದು ಈಗ ಏದುಸಿರು ಬಿಡುತ್ತ ತನ್ನನ್ನೇ ಶಪಿಸಿಕೊಂಡಳು.

ತೋಟದ ಗುಡಿಸಲಿನ ಮುಂದೆ, ಬೆಂಚಿನ ಮೇಲೆ ಇಬ್ಬರೂ ಕೂತಿದ್ದರು. ಕೋವಿ ಸ್ತಾಮೆನ್‌ನ ತೊಡೆಯ ಮೇಲಿತ್ತು. ಪೆಂಕೊ ಅವನ ತೋಳಿಗೆ ತೋಳು ತಾಗಿಸಿಕೊಂಡು ದ್ರಾಕ್ಷಿ ತಿನ್ನುತ್ತ ಸಿಪ್ಪೆ ಉಗಿಯುತ್ತಿದ್ದ.

"ಅಕ್ಕ, ಭಾವ ನನ್ನನ್ನ ಹೋಗು ಹೋಗು ಅಂತಾನೆ," ಎಂದು ದೂರಿದ. "ಡಾಮಿನೋ ಆಡ್ತೀನಿ ಅಂದಿದ್ದ. ಆಡೋವರೆಗೂ ನಾನು ಹೋಗಲ್ಲ."

"ಇವನನ್ನ ಕರ್ಕೊಂಡು ಹೋಗು, ರಾಯ್ನಾ," ಎಂದ ಸ್ತಾಮೆನ್. ದನಿ ತಣ್ಣಗಿತ್ತು. "ಆಗಿನಿಂದ ಬೇಡ್ಕೊಳ್ತಿದೀನಿ. ಜಿಗಣೆ ಥರ ಅಂಟ್ಕೊಂಡಿದಾನೆ."

ರಾಯ್ನಾ ನಾಲ್ಕು ಹೆಜ್ಜೆ ದೂರದಲ್ಲೇ ನಿಂತಳು. ಹತ್ತಿರ ಹೋದರೆ ಏನು ಮಾಡಿಬಿಡುತ್ತಾನೋ ಎಂಬ ಭಯ.

"ಸಾಯೋಕೆ ಅಂತ ಬಂದ್ಯಾ?"

ಅವನು ಬಳ್ಳಿಗಳ ಕಡೆ ನೋಡಿದ. "ಬೇರೆಯವರಿಗೆ ಹಾಕಿದ ಲೆಕ್ಕ ನನಗೂ ಹಾಕ್ಕೋಬೇಕು. ಇಲ್ದಿದ್ರೆ ಅದು ನ್ಯಾಯ ಅಲ್ಲ."

"ಇವತ್ತು ನೀನು ಹೀಗೆ ಮಾಡಿದ್ರೆ, ಆವತ್ತು ನನ್ನ ತಮ್ಮನ ಬಗ್ಗೆ ಆಡಿದ ಮಾತಿಗೆ ಸಹಿ ಹಾಕಿದ ಹಾಗೆ. ಅವನು ಬದುಕಿರೋದೇ ದಂಡ ಅಂತ. ಅದಕ್ಕೆ ನಾನು ಬಿಡಲ್ಲ, ಸ್ತಾಮೆನ್."

"ಅವನ ಮಾತು ಬೇರೆ. ಅವನಿಗೆ ಕಳ್ಕೊಳ್ಳೋಕೆ ಏನಿತ್ತು? ನಾನು ಕಳ್ಕೊಳ್ಳೋದನ್ನ ನಾನೇ ನೋಡ್ತಿದೀನಿ. ನಿನ್ನೆ ಏಳೆಂಟ್ಲಿ ಎಷ್ಟು ಅಂತ ಎಷ್ಟೋ ಹೊತ್ತು ಹುಡುಕಿದೆ. ನಾಳೆ ನಿನ್ನ ಹೆಸರು ಹೋಗುತ್ತೆ. ಆಮೇಲೆ ಇಲ್ಲಿ ಕೂತಿರೋನು ಯಾರು?"

"ಪೆಂಕೊ ನನ್ನ ಹೆಸರು ಹೇಳೋಕೆ ಕಲಿತಾಗ ಅವನಿಗೆ ಏಳು ವರ್ಷ. ಅಲ್ಲೀವರೆಗೂ ನಾನು ಅವನಿಗೆ ಅಕ್ಕ ಆಗಿರ್ಲಿಲ್ವಾ?"

ಈ ಮಾತುಗಳಿಂದ ಬೇಸತ್ತ ಪೆಂಕೊ ಅಂಟಂಟು ಬೆರಳನ್ನು ಕೋವಿಯ ಮೇಲಿಟ್ಟ. "ಇದ್ರಲ್ಲಿ ಗುಂಡಿದೆಯಾ, ಭಾವ?"

ಸ್ತಾಮೆನ್ ಬಾಯಿ ತೆರೆದ. ಹೆಂಡತಿಯ ಕಡೆ ತಿರುಗಿದ.

"ರಾಯ್ನಾ, ಹಾಕಿದೀನೋ ಇಲ್ವೋ ನೆನಪಾಗ್ತಿಲ್ಲ."

"ಪೆಂಕೊ, ಕೈ ತೆಗಿ," ಎಂದಳು ಮೆಲ್ಲಗೆ. ಕೂಗಿದರೆ ಅವನು ಬೆಚ್ಚುತ್ತಾನೆಂದು ಅವಳಿಗೆ ಗೊತ್ತು. ಅವನು ಕೇಳಿಸಿಕೊಳ್ಳಲಿಲ್ಲ, ಬೆರಳು ಕಬ್ಬಿಣದ ಮೇಲೆ ಜಾರುತ್ತ ಕೆಳಗಿಳಿಯಿತು. ಅಷ್ಟರಲ್ಲಿ ಸ್ತಾಮೆನ್ ಅವನ ಮಣಿಕಟ್ಟನ್ನು ಗಬಕ್ಕನೆ ಹಿಡಿದು ಪಕ್ಕಕ್ಕೆಳೆದ. ಎದ್ದು ನಿಂತು, ನಳಿಗೆಯನ್ನು ನೆಲಕ್ಕೆ ತಿರುಗಿಸಿ ಕೋವಿಯನ್ನು ಕೀಲಿನಲ್ಲಿ ಮಡಚಿ ತೆರೆದ. ಒಳಗೆ ಎರಡು ಗುಂಡುಗಳಿದ್ದವು. ಯಾರೋ ಇಟ್ಟು ಹೋದದ್ದೆಂಬಂತೆ ಅವನ್ನು ನೋಡಿದ.

ಕೋವಿಯನ್ನೂ ಗುಂಡುಗಳನ್ನೂ ಅವಳ ಕೈಗೆ ಕೊಟ್ಟ. "ಇವನಿಗೆ ಏನಾದ್ರೂ ಆಗಿದ್ರೆ..."

"ಆಗಿದ್ರೆ ಏನು?" ರಾಯ್ನಾ ಬಿಡಲಿಲ್ಲ. "ಉಪಯೋಗಕ್ಕೆ ಬಾರದವನು ತಾನೆ."

"ಸಾಕು," ಎಂದು ಅವನು ಬೆಂಚಿನ ಮೇಲೆ ಕುಸಿದು, ಮುಖ ಮುಚ್ಚಿಕೊಂಡು ಅತ್ತ.

"ಭಾವನ್ನ ಯಾಕೆ ಅಳಿಸ್ತೀಯ ಅಕ್ಕ?" ಎಂದು ಪೆಂಕೊ ಸಿಟ್ಟಾದ.

ಮನೆಗೆ ಬಂದೊಡನೆ ರಾಯ್ನಾ ಡಾಕ್ಟರಿಗೆ ಫೋನು ಮಾಡಿ ಒಂದನ್ನೂ ಮುಚ್ಚಿಡದೆ ಹೇಳಿದಳು. ಮನಸ್ಸು ಹೀಗೆ ಕುಸಿಯುವುದು ಮರೆವಿನ ಜೊತೆಗೆ ಬರುವ ಇನ್ನೊಂದು ಕಾಯಿಲೆ, ಅದಕ್ಕೆ ಮದ್ದಿದೆ, ಒಬ್ಬನೇ ಇರಲು ಬಿಡಬೇಡಿ, ನಾಳೆ ಬೆಳಿಗ್ಗೆಯೇ ಕರೆತನ್ನಿ ಎಂದರು ಅವರು. ಅವಳು ಕರೆಸಿದ ಊರಿನ ಪೊಲೀಸನೂ ಬಂದ. ಸ್ತಾಮೆನ್‌ನ ಹಳೆಯ ವಿದ್ಯಾರ್ಥಿ. ಏನೂ ಕೇಳದೆ ಕೋವಿಯನ್ನೂ ಪರವಾನಗಿಯನ್ನೂ ತೆಗೆದುಕೊಂಡು, "ಬರ್ತೀನಿ ಮೇಷ್ಟ್ರೆ" ಎಂದು ತಲೆತಗ್ಗಿಸಿ ಹೊರಟ.

ಮಧ್ಯಾಹ್ನ ಹುರುಳಿಕಾಯಿ ಸಾರಿನ ಬಟ್ಟಲ ಮುಂದೆ ಕೂತ ಸ್ತಾಮೆನ್, "ನಿನ್ನ ವಾದ ನಾನಿನ್ನೂ ಒಪ್ಪಿಲ್ಲ" ಎಂದ.

"ಒಪ್ಪಬೇಡ. ಊಟ ಮಾಡು."

ಅವನು ಚಮಚ ಎತ್ತಿಕೊಂಡ.

ಮಾತ್ರೆ ಹಿಡಿಯಲು ಒಂದೂವರೆ ತಿಂಗಳು ಬೇಕಾಯಿತು. ಅಷ್ಟು ದಿನವೂ ಅವನು ಬಚ್ಚಲಿಗೆ ಹೋದರೂ ರಾಯ್ನಾ ಬಾಗಿಲಿಗೆ ಕಿವಿಗೊಟ್ಟೇ ಇದ್ದಳು. ಸ್ತಾಮೆನ್ ಮತ್ತೆ ಐದು ವರ್ಷ ಬದುಕಿದ. ಅಂಕಿಗಳು ಮೊದಲು ಹೋದವು, ಆಮೇಲೆ ಹೆಸರುಗಳು. ವಾದವನ್ನು ಕೊನೆಗೆ ಒಪ್ಪಿದನೋ ಇಲ್ಲವೋ, ಅವಳು ಕೇಳಲಿಲ್ಲ.