ಹೆಂಚಿನ ಬಾಡು

ಉಮಾಶಂಕರ ಮುತ್ತುಗದ ಎಲೆಯ ಪೊಟ್ಟಣ ಹಿಡಿದು ಹಿತ್ತಿಲ ಬಾಗಿಲಿಂದ ಒಳಗೆ ಬಂದಾಗ ಬೃಂದಾಳ ಕೈಗಳು ಹೊಗೆಸೊಪ್ಪಿನ ಅಂಟಿನಿಂದ ಕಪ್ಪಾಗಿದ್ದವು. ಬೆಳಗಿನಿಂದ, ಎಲೆಗೆ ಶಾಖ ಕೊಟ್ಟು ಹದಮಾಡುವ ಬ್ಯಾರನ್ನಿನ ಮುಂದೆ ಕೂತು ಹಸಿ ಎಲೆಯನ್ನು ಕಡ್ಡಿಗೆ ಕಟ್ಟಿ ಕಟ್ಟಿ ಅವಳ ಸೊಂಟ ಬಿದ್ದುಹೋಗಿತ್ತು. ಪಿರಿಯಾಪಟ್ಟಣದ ಸುತ್ತಿನ ಊರುಗಳಲ್ಲಿ ಎಲೆ ಕೊಯ್ಲಿನ ಕಾಲದಲ್ಲಿ ಭಾನುವಾರ ಅಂತ ಯಾರೂ ಸುಮ್ಮನೆ ಕೂರುವಂತಿರಲಿಲ್ಲ. ಮುರಿದ ಎಲೆ ಬಾಡಿ ಹೋಗುವ ಮೊದಲು ಬ್ಯಾರನ್ ತುಂಬಿ ಬೆಂಕಿ ಹಾಕಲೇಬೇಕು.

"ಈಲಿ ತಂದಿವ್ನಿ ಕಣೆ. ಬೆನ್ನಿನ ಮೆತ್ತನೆ ಬಾಡೂ ಅದೆ. ಎಳೇ ಮರಿ," ಎಂದ ಅವನು.

ಬೃಂದಾ ತಲೆಯೆತ್ತಿ ಗಂಡನ ಮುಖ ನೋಡಿದಳು. ಎರಡು ತಿಂಗಳ ಹಿಂದೆ ಅವಳ ಬಸಿರು ಇಳಿದುಹೋಗಿತ್ತು. ಪಟ್ಟಣದ ಡಾಕ್ಟರಮ್ಮ ಅವಳ ಕಣ್ಣಿನ ರೆಪ್ಪೆ ಕೆಳಕ್ಕೆಳೆದು ನೋಡಿ, "ಮೈಯಲ್ಲಿ ರಕ್ತವೇ ಇಲ್ಲವಲ್ಲಮ್ಮ. ಮಾತ್ರೆ ಕೊಡ್ತೀನಿ, ಆದರೆ ಮಾತ್ರೆ ಒಂದೇ ಸಾಲದು. ಈಲಿ ತಿನ್ನು, ಲಿವರ್ ಅಂತೀವಲ್ಲ ಅದು, ಸೊಪ್ಪು ತಿನ್ನು," ಎಂದಿದ್ದರು. ಪಕ್ಕದಲ್ಲೇ ನಿಂತಿದ್ದ ಉಮಾಶಂಕರ, "ತಿನ್ನುಸ್ತೀನಿ ಬುಡಿ ಡಾಕ್ಟ್ರೇ," ಎಂದು ತಲೆಯಾಡಿಸಿದ್ದ. ಆಮೇಲೆ ಆ ಮಾತು ಅವನ ಬಾಯಲ್ಲಿ ಮತ್ತೆ ಬಂದಿರಲಿಲ್ಲ. ಇವತ್ತು ಕೇಳದೆಯೇ ತಂದಿದ್ದಾನೆ.

"ಕೈ ತೊಳ್ಕಂಡ್ ಬತ್ತೀನಿ, ಇರಿ," ಎಂದಳು.

"ಬಿರ್‌ನೆ ಬಾ. ಧರ್ಮೇಂದ್ರ ಬಂದವ್ನೆ, ಅವನ ಜೊತೆ ಇನ್ನಿಬ್ರು ಅವ್ರೆ. ನಿನ್ ಕೈನ ಹೆಂಚಿನ ಬಾಡು ತಿನ್ಲೇಬೇಕು ಅಂತ ಹುಣಸೂರಿಂದ ಜೀಪ್ನಲ್ಲಿ ಬಂದವ್ರೆ ಕಣೆ."

ಮುಂಬಾಗಿಲ ಕಡೆಯಿಂದ ಗಂಡನ ಗೆಳೆಯರ ನಗು ಕೇಳಿಸಿತು. ಬೃಂದಾ ಬಚ್ಚಲಿಗೆ ಹೋಗಿ ಹುಣಸೆಹಣ್ಣು ಹಾಕಿ ಕೈಗಳನ್ನು ಉಜ್ಜಿದಳು. ಕಪ್ಪು ಹೋದರೂ ಕಹಿ ಹೋಗಲಿಲ್ಲ. ಚರ್ಮ ಕೆಂಪಾಗುವವರೆಗೆ ಉಜ್ಜಿದಳು.

ಈ ಅಡುಗೆ ಅವಳು ಅಪ್ಪನಿಂದ ಕಲಿತದ್ದು. ಕೆ.ಆರ್. ನಗರದ ಹತ್ತಿರದ ಹಳ್ಳಿಯಲ್ಲಿ ಅಪ್ಪ ಹುಚ್ಚಯ್ಯ ಬಾಡು ತಂದ ದಿನ ಹೆಂಡತಿಯನ್ನು ಒಲೆಯ ಮುಂದಿನಿಂದ ಎಬ್ಬಿಸಿ ತಾನೇ ಕೂರುತ್ತಿದ್ದ. ರೊಟ್ಟಿ ಸುಡುವ ಕಬ್ಬಿಣದ ಹೆಂಚನ್ನು ಹೊಗೆಯೇಳುವಂತೆ ಕಾಯಿಸಿ, ಉಪ್ಪು ಮೆಣಸು ಸವರಿದ ತುಂಡುಗಳನ್ನು ಒಂದಕ್ಕೊಂದು ತಗುಲದಂತೆ ಇಟ್ಟು, ಮಕ್ಕಳು ಆಸೆಯಿಂದ ಕೈ ಚಾಚಿದರೆ, "ಮುಟ್ಬ್ಯಾಡಿ, ಅದರ ಪಾಡಿಗೆ ಅದು ಸೀಯ್ಲಿ," ಎನ್ನುತ್ತಿದ್ದ. ಒಂದು ಮೈ ಕಂದಾದ ಮೇಲೆ ತಿರುವಿ ಹಾಕಿ, ಜಜ್ಜಿದ ಬೆಳ್ಳುಳ್ಳಿ, ಸೀಳಿದ ಹಸಿಮೆಣಸಿನಕಾಯಿ, ಕರಿಬೇವು ಎಸೆದು, ಇಳಿಸುವ ಹೊತ್ತಿಗೆ ನಿಂಬೆಹುಳಿ ಹಿಂಡಿದರೆ ಮುಗಿಯಿತು. ಎಲೆಯಡಿಕೆ ಹಾಕುವಷ್ಟು ಹೊತ್ತಿನ ಕೆಲಸ. ಮೊದಲ ತುಂಡುಗಳು ಹೆಣ್ಣುಮಕ್ಕಳ ಅಂಗೈಗೆ ಬೀಳುತ್ತಿದ್ದವು. ಬಾಯಿ ಸುಟ್ಟುಕೊಂಡು ಅವರು ಕುಣಿಯುವುದನ್ನು ನೋಡಿ ಅವನು ನಗುತ್ತಿದ್ದ.

ಈ ಮನೆಗೆ ಬಂದ ಹೊಸದರಲ್ಲಿ ಬೃಂದಾ ಅದನ್ನು ಗಂಡನಿಗೆ ಮಾಡಿಕೊಟ್ಟಳು. ಅಲ್ಲಿಗೆ ಕೆಟ್ಟಿತು. ಉಮಾಶಂಕರ ಊರೆಲ್ಲ ಹೇಳಿಕೊಂಡು ಬಂದ. ಅಲ್ಲಿಂದ ಮುಂದೆ ಭಾನುವಾರಗಳು ಅವಳವಾಗಿ ಉಳಿಯಲಿಲ್ಲ.

ಅತ್ತೆ ಮಲ್ಲಾಜಮ್ಮ ಆಗಲೇ ಒಲೆಗೆ ಸೌದೆ ತುರುಕಿದ್ದಳು. ಬೃಂದಾ ಈಲಿಯನ್ನು ಬೆರಳ ತುದಿಯಷ್ಟು ಸಣ್ಣ ತುಂಡುಗಳಾಗಿ ಹೆಚ್ಚಿದಳು. ಮೊದಲ ಹೆಂಚು ಇಳಿಯಿತು, ಉಮಾಶಂಕರ ತಟ್ಟೆ ಒಯ್ದ. ಎರಡನೆಯದೂ ಇಳಿಯಿತು, ಅದನ್ನೂ ಒಯ್ದ. ನಡುಮನೆಯಲ್ಲಿ ಬಾಟಲಿಯ ಸದ್ದು, ಹೊಗೆಸೊಪ್ಪಿನ ಈ ವರ್ಷದ ದರದ ಮಾತು, ಯಾರದೋ ಟ್ರ್ಯಾಕ್ಟರಿನ ಮಾತು. ಮೂರನೆಯ ಸಲ ಹೆಂಚಿಗೆ ಹಾಕುವಾಗ ಮಲ್ಲಾಜಮ್ಮ ಪಿಸುಗುಟ್ಟಿದಳು.

"ಇದ್ರಲ್ಲಿ ಒಂದೀಟು ನಿಂಗೆ ಎತ್ತಿಡು ಮಗ. ಡಾಕ್ಟ್ರಮ್ಮ ಯೋಳವ್ರಲ್ಲ."

ಬೃಂದಾ ಒಂದು ಬಟ್ಟಲಿಗೆ ಈಲಿ ಹಾಕಿ, ಮೇಲೊಂದು ತಟ್ಟೆ ಮುಚ್ಚಿ, ಒಲೆಯ ಹಿಂದಿನ ಗೂಡಿನಲ್ಲಿಟ್ಟಳು. ಉಳಿದದ್ದು ನಡುಮನೆಗೆ ಹೋಯಿತು. ಹಸಿವಿನಿಂದ ಅವಳಿಗೆ ಕಣ್ಣು ಕತ್ತಲೆ ಬರುತ್ತಿತ್ತು. ಮುಖಕ್ಕೆ ನೀರು ಹಾಕಿಕೊಂಡು ಬಂದು ನೆಮ್ಮದಿಯಾಗಿ ಕೂತು ತಿನ್ನೋಣ ಅಂತ ಹಿತ್ತಿಲಿಗೆ ಹೋದಳು.

ಬಂದು ನೋಡಿದರೆ ಗೂಡು ಖಾಲಿ.

"ಅತ್ತೆ, ಬಟ್ಟಲೆಲ್ಲಿ?"

ಮಲ್ಲಾಜಮ್ಮ ಸೌದೆ ಸರಿಮಾಡುತ್ತ ತಲೆಯೆತ್ತಲಿಲ್ಲ. "ಇನ್ನೂ ಅದಾ ಅವ್ವ ಅಂತ ಬಂದು ಕೇಳ್ದ... ಬಾಯಿಗೆ ಬಂದ್ಬುಡ್ತು ಕಣವ್ವ. ಗೂಡ್ನಲ್ಲದೆ ಅಂದ್ಬುಟ್ಟೆ."

"ನಂಗೆ ಅಂತ ಯೋಳ್ಲಿಲ್ವಾ?"

"ಯೋಳ್ದೆ. ಮುಂದಿನ್ ವಾರ ತರ್ತೀನಿ ಬುಡು ಅಂದ."

ಆಗಲೇ ನಡುಮನೆಯಿಂದ ಧರ್ಮೇಂದ್ರನ ಗಂಟಲು ಕೇಳಿಸಿತು. "ಲೋ ಉಮಾ, ಒಳಗೆ ಅತ್ಗೆಗೆ ಏನಾರ ಉಳ್ಸಿದ್ದೀಯಾ ಇಲ್ವಾ?"

"ಅಯ್ಯೋ, ಹೆಂಗಸ್ರಿಗೆ ಇವೆಲ್ಲ ಎಲ್ಲಿ ಸೇರ್ತದೆ ಕಣ್ಲಾ. ಅವ್ರಿಗೆ ಸಾರಿದ್ರೆ ಸಾಕು. ನೀನ್ ತಿನ್ನು."

ನಾಲ್ವರೂ ನಕ್ಕರು.

ಬೃಂದಾಳಿಗೆ ಆಸ್ಪತ್ರೆಯ ಆ ಮಂಚ, ಅಂಟಿಕೊಂಡ ಸೀರೆ, ಮನೆಗೆ ಬಂದ ಮಾರನೆಯ ದಿನವೇ ಹೊಲಕ್ಕೆ ಹೋದದ್ದು, ಎಲ್ಲವೂ ಒಮ್ಮೆಗೇ ನೆತ್ತಿಗೇರಿದವು. ಸೆರಗು ಸೊಂಟಕ್ಕೆ ಸಿಕ್ಕಿಸಿ ನಡುಮನೆಗೆ ನಡೆದಳು. ಬಟ್ಟಲು ಧರ್ಮೇಂದ್ರನ ಮುಂದಿತ್ತು. ಅವನ ಕೈ ಅದರತ್ತ ಹೋಗುತ್ತಿದ್ದಂತೆಯೇ ಬೃಂದಾ ಬಗ್ಗಿ ಬಟ್ಟಲನ್ನು ಎತ್ತಿಕೊಂಡಳು. ಒಳಗೆ ಹೋಗಲಿಲ್ಲ. ಅಲ್ಲೇ, ನಾಲ್ಕು ಜನ ಗಂಡಸರ ನಡುವೆ, ನೆಲದ ಮೇಲೆ ಚಕ್ಕಂಬಕ್ಕಳ ಹಾಕಿ ಕೂತು ತಿನ್ನತೊಡಗಿದಳು.

ಧರ್ಮೇಂದ್ರ ತಮಾಷೆಯೆಂದುಕೊಂಡು ನಗಲು ಹೋಗಿ ನಿಲ್ಲಿಸಿದ.

"ಏನೇ ಇದು? ಎದ್ದು ಒಳಕ್ಕೋಗು," ಎಂದ ಉಮಾಶಂಕರ.

ಅವಳು ಅಗಿಯುತ್ತಲೇ ಇದ್ದಳು. ಈಲಿ ಇನ್ನೂ ಬಿಸಿಯಾಗಿತ್ತು, ಮೆಣಸು ಗಂಟಲಿಗೆ ಹತ್ತಿತು. ಬೆರಳಿನ ಕಹಿಯೂ ನಾಲಗೆಗೆ ಬಂತು.

"ಮಾನ ಕಳೀಬ್ಯಾಡ. ಏಳು ಅಂದೆ!"

"ನಿನ್ ಮಾನ ಈ ಬಟ್ಲಲ್ಲಿತ್ತಾ?" ಎಂದಳು ಬೃಂದಾ. ಮದುವೆಯಾದಾಗಿನಿಂದ ಅವಳು ಗಂಡನನ್ನು ಏಕವಚನದಲ್ಲಿ ಕರೆದಿರಲಿಲ್ಲ. "ಡಾಕ್ಟ್ರಮ್ಮ ಏನ್ ಯೋಳುದ್ರು, ಯೋಳು ಇವ್ರಿಗೆ. ಯಾಕೆ ಯೋಳುದ್ರು, ಅದ್ನೂ ಯೋಳು. ಹೊಟ್ಟೇಲೇ ಹೋದ ಮೂರ್ ತಿಂಗ್ಳ ಕೂಸ್ನ ಬಟ್ಟೇಲಿ ಸುತ್ಕಂಡು ಹೋದೋನು ನೀನೇ ಅಲ್ವಾ? ಅವತ್ತು ಅತ್ತೋನೂ ನೀನೇ. ಎರಡೇ ತಿಂಗ್ಳಿಗೆ ಮರ್ತೋಯ್ತಾ?"

ಉಮಾಶಂಕರ ಎದ್ದ. ಕೈಯೂ ಎದ್ದಿತು. ಬೃಂದಾ ಮುಖ ಸರಿಸಲಿಲ್ಲ. ಹೊಡೆಯಲಿ ಎಂದೇ ಕಾದಳು. ಅಷ್ಟರಲ್ಲಿ ಧರ್ಮೇಂದ್ರ ಅವನ ತೋಳು ಹಿಡಿದ. "ಏನ್ಲಾ ಇದು, ನಮ್ಗೆ ಒಂದ್ ಮಾತೂ ಯೋಳ್ಲಿಲ್ವಲ್ಲೋ," ಎಂದವನು ಅವಳ ಕಡೆ ನೋಡಲಾರದೆ ನೆಲ ನೋಡಿದ. "ತಪ್ಪಾಯ್ತು ಅತ್ಗೆ."

"ತಪ್ಪಾಯ್ತು ಅಂದ್ರೆ ಆಗೋಯ್ತಾ?" ಎಂದಳು ಬೃಂದಾ. "ಪ್ರತಿ ಭಾನ್ವಾರ ಬತ್ತೀರಲ್ಲ, ಒಳಗೆ ಬೇಯ್ಸೋರು ತಿಂದ್ರಾ ಅಂತ ಬಟ್ಲು ಖಾಲಿಯಾದ್ಮೇಲೆ ಕೇಳ್ತೀರಾ?"

ಜೀಪು ಹೊರಟುಹೋಯಿತು. ಉಮಾಶಂಕರ ಚಪ್ಪಲಿ ಮೆಟ್ಟಿಕೊಂಡು ಬ್ಯಾರನ್ನಿನ ಕಡೆ ಹೋದ. ಮಲ್ಲಾಜಮ್ಮ ಬಾಗಿಲಲ್ಲಿ ನಿಂತಿದ್ದಳು.

"ಗಂಡಸ್ರ ಮುಂದೆ ಹಂಗೆ ಕೂತ್ಕಂಬೋದಾ ತಾಯಿ? ಒಳಗೆ ತಂದು ತಿನ್ಬೋದಿತ್ತು."

"ಒಳಗೇ ಇತ್ತಲ್ಲತ್ತೆ! ಕೈಯಾರೆ ತೋರ್ಸಿ ಕೊಟ್ಟೋರು ನೀವೇ. ಅವರ್ ಮೇಲೆ ಎಷ್ಟು ಸಿಟ್ಟದೋ ನಿಮ್ ಮೇಲೂ ಅಷ್ಟೇ ಅದೆ ನಂಗೆ."

ಮುದುಕಿ ಗೋಡೆಗೆ ಒರಗಿ ಕುಸಿದು ಕೂತಳು. "ನಾನು ಈಲಿ ತಿಂದು ಎಷ್ಟು ಕಾಲ ಆಯ್ತೋ," ಎಂದಳು. ಬೃಂದಾಳಿಗೆ ಅಯ್ಯೋ ಅನಿಸಲಿಲ್ಲ. ಇನ್ನಷ್ಟು ಸಿಟ್ಟು ಬಂತು. ಆ ಸಿಟ್ಟು ಯಾರ ಮೇಲೆ ಅಂತ ಅವಳಿಗೇ ತಿಳಿಯಲಿಲ್ಲ.

ಆ ವಾರವೆಲ್ಲ ಗಂಡ ಹೆಂಡತಿ ಮಾತಾಡಲಿಲ್ಲ. ಅವಳು ಎಲೆ ಕಟ್ಟಿದಳು, ಅವನು ಬ್ಯಾರನ್ನಿಗೆ ಬೆಂಕಿ ಹಾಕಿದ. ಮುದ್ದೆ ಬಡಿಸಿದರೆ ಉಂಡು ಎದ್ದು ಹೋಗುತ್ತಿದ್ದ. ಮುಂದಿನ ಭಾನುವಾರ ಬೆಳಗಾಗುತ್ತಲೇ ಮಲ್ಲಾಜಮ್ಮ ಯಾರಿಗೂ ಹೇಳದೆ ಹೊರಟಳು. ಊರ ಬಾಗಿಲಲ್ಲಿ ಮರಿ ಕೊಯ್ಯುವ ಕಡೆ, ಗಂಡಸರ ಗುಂಪಿನೊಳಗೆ ನುಗ್ಗಿ, "ಮೊದ್ಲು ನಂಗೆ ಈಲಿ ಕೊಡ್ಲಾ," ಎಂದು ಗದರಿಸಿ ತಂದಳಂತೆ. ಪಕ್ಕದ ಮನೆಯ ಶಿವನಂಜಮ್ಮ ಇದನ್ನು ನಗುತ್ತ ಬಂದು ಹೇಳಿದಳು.

ಅತ್ತೆ ಸೊಸೆ ಅಡುಗೆಮನೆಯಲ್ಲಿ ಎದುರುಬದುರು ಕೂತು ಹೆಂಚಿನಿಂದಲೇ ತಿಂದರು. ಮಲ್ಲಾಜಮ್ಮನಿಗೆ ಹಲ್ಲಿರಲಿಲ್ಲ. ಒಸಡಿನಲ್ಲೇ ಅರೆದು, ಖಾರಕ್ಕೆ ಹಾ ಹಾ ಎನ್ನುತ್ತ, ಮತ್ತೆ ಕೈ ಚಾಚುತ್ತಿದ್ದಳು. ಅರ್ಧ ಈಲಿ ಇನ್ನೂ ಹಸಿಯಾಗಿ ತಟ್ಟೆಯಲ್ಲಿತ್ತು. ಆಗ ಉಮಾಶಂಕರ ಬಾಗಿಲಲ್ಲಿ ಬಂದು ನಿಂತ.

"ನಂಗೆ?"

ಬೃಂದಾ ಒಲೆಯ ಮುಂದಿನಿಂದ ಎದ್ದು ಗೋಡೆಯ ಕಡೆ ಸರಿದಳು. "ಹೆಂಚು ಕಾದದೆ. ಹಾಕ್ಕಳಿ."

ಅವನು ಅವ್ವನ ಮುಖ ನೋಡಿದ. ಮಲ್ಲಾಜಮ್ಮ ಬಾಯಿ ತೆರೆದವಳು ಸೊಸೆಯತ್ತ ಒಮ್ಮೆ ನೋಡಿ ಕೈಲಿದ್ದ ತುಂಡನ್ನು ಬಾಯಿಗಿಟ್ಟುಕೊಂಡಳು. ಉಮಾಶಂಕರ ಪಂಚೆ ಎತ್ತಿ ಕಟ್ಟಿ ಕುಕ್ಕರುಗಾಲಲ್ಲಿ ಕೂತ. ತಟ್ಟೆಯಲ್ಲಿದ್ದದ್ದನ್ನೆಲ್ಲ ಒಟ್ಟಿಗೇ ಸುರಿದ. ಸುರಿದವನು ಸುಮ್ಮನಿರದೆ ಸೌಟಿನಲ್ಲಿ ಕಲಕಿದ, ಮತ್ತೆ ಕಲಕಿದ. ಈಲಿ ನೀರು ಬಿಟ್ಟುಕೊಂಡು ಬೂದಿ ಬಣ್ಣಕ್ಕೆ ತಿರುಗಿತು. ಗಟ್ಟಿಯಾಗುತ್ತಿರುವುದು ಬೃಂದಾಳಿಗೆ ಕಾಣುತ್ತಲೇ ಇತ್ತು. ಮುಟ್ಟಬೇಡಿ ಎನ್ನುವ ಒಂದು ಮಾತು ಸಾಕಿತ್ತು. ಅವಳು ಹೇಳಲಿಲ್ಲ.

ಅವನು ಅದನ್ನೇ ಹಾಕಿಕೊಂಡು ತಿಂದ. ತುಂಬ ಹೊತ್ತು ಅಗಿದ. ಕಡೆಗೆ ನೀರು ಕುಡಿದು, "ನಾಳೆ ಪಟ್ಟಣಕ್ಕೋಗಿ ಡಾಕ್ಟ್ರಮ್ಮನ್ನ ನೋಡ್ಕಂಡ್ ಬರಾನ. ರಕ್ತ ಎಷ್ಟಾಗದೆ ಅಂತ ಕೇಳಾನ," ಎಂದ.

"ನಂಗೆ ದಾರಿ ಗೊತ್ತು," ಎಂದಳು ಬೃಂದಾ. "ನೀವು ಬರಂಗಿದ್ರೆ ಬನ್ನಿ."

ಅವನು ಹೆಂಚನ್ನು ಹಿತ್ತಿಲಿಗೆ ಒಯ್ದು ಬೂದಿ ಹಾಕಿ ಉಜ್ಜತೊಡಗಿದ. ಬೇಲಿಯಾಚೆಯಿಂದ ಶಿವನಂಜಮ್ಮ ಅದನ್ನು ಕಂಡು ಬಾಯಿಗೆ ಸೆರಗು ಮುಚ್ಚಿಕೊಂಡು ನಕ್ಕಳು. ಬೃಂದಾ ನಗಲಿಲ್ಲ. ಎಲೆ ಕಟ್ಟುವ ಕೆಲಸ ಇನ್ನೂ ಬೇಕಾದಷ್ಟು ಬಿದ್ದಿತ್ತು. ಅವಳು ಬ್ಯಾರನ್ನಿನ ಕಡೆ ನಡೆದಳು.